ಏಳು ತೂಬಿನ ಅರಸನೂ ಎರಡು ಮುಖದ ಕೇಬಲ್ಲೂ

೨೦೦೯ರ ಆಗಸ್ಟ್ ೧೪ರ ನನ್ನ ದಿನಚರಿಯಲ್ಲಿ ಈ ಕತೆ ಹೀಗಿದೆ.

"ಕೇಳಿರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!" ಎಂದು ಏಳುತೂಬಿನ ರಾಜ್ಯದಲ್ಲಿ ಡಂಗುರ ಸಾರಿದರು.

ಅಲ್ಲಿನ ಏಳು ಕೆರೆಗಳ ತೂಬು ತೆರೆದು ಮುಚ್ಚುತ್ತಿದ್ದುದು ಏಳು ಕಂಪ್ಯೂಟರುಗಳು. ಕೆವಿಎಂ ಸ್ವಿಚ್ ಎಂಬ ಪೆಟ್ಟಿಗೆಯಿದ್ದುದರಿಂದ ಅರಸ ಕಲಿದೇವ ಒಂದೇ ಪರದೆ, ಒಂದೇ ಕೀಲಿಮಣೆಯಲ್ಲಿ ಏಳನ್ನೂ ನಡೆಸುತ್ತಿದ್ದ. ಕಾಯಿಲೆಯ ರಾಣಿಯನ್ನು ಬಿಟ್ಟಿರಲಾರದೆ ಎಲ್ಲವನ್ನೂ ಅವಳ ಕೋಣೆಗೇ ತರಿಸಿದ್ದ. ಅವುಗಳ ಗುಂಯ್‌ಗುಡುವ ಸದ್ದಿಗೆ ಅವಳ ಕಣ್ಣಿಗೆ ನಿದ್ದೆ ಹತ್ತದು. ಹೀಗೇ ಆದರೆ ರಾಣಿ ಉಳಿಯುವುದಿಲ್ಲವೆಂದರು ವೈದ್ಯರು.

ಯಂತ್ರಗಳನ್ನೂ ಸ್ವಿಚ್ಚನ್ನೂ ನೆಲಮಾಳಿಗೆಗೆ ಇಳಿಸಿ, ಪರದೆ ಕೀಲಿಮಣೆಗಳನ್ನಷ್ಟೇ ಮಂಚದ ಬಳಿ ಉಳಿಸಲು ಎಕ್ಸ್‌ಟೆಂಡರ್ ಎಂಬ ಜೋಡಿ ಪೆಟ್ಟಿಗೆ ಬಂತು. ಒಂದು ಕೆಳಗಿರಬೇಕು, ಇನ್ನೊಂದು ಮೇಲೆ. ನಡುವೆ ಉದ್ದನೆಯ ತಂತಿ. ಆದರೆ ಸ್ವಿಚ್ಚಿನಿಂದ ಅದರ ಪಕ್ಕದ ಪೆಟ್ಟಿಗೆಗೆ ಯಾವ ಕೇಬಲ್? ಪೆಟ್ಟಿಗೆ ಮಾಡಿದವನು ಮೂರು ಒಗಟು ಹೇಳಿ ಹೊರಟುಹೋಗಿದ್ದ. ಎಲ್ಲವನ್ನೂ ಮೊದಲು ಕೋಣೆಯಲ್ಲೇ ಜೋಡಿಸಿ ನೋಡುವುದೆಂದಾಯಿತು.

"ನಾನು ಹೋಗಬೇಕಾದ್ದು ಪಕ್ಕದ ಮನೆಗೆ. ಊರು ಸುತ್ತಿಸಿದರೆ ಕಣ್ಣು ಮಂಜಾಗುತ್ತದೆ. ನಾನೆಂಥವನು?" ಎಂದು ಕೇಳಿದ ಅರಸ.

"ಉದ್ದನೆಯವನು! ಅರಮನೆಗೆ ಚೋಟುದ್ದದ್ದು ಶೋಭೆಯೇ?" ಎಂದು ಡಂಗುರ ಕೇಳಿ ಬಂದಿದ್ದ ಪಡುವಣದ ರಾಜಕುಮಾರ ಚಿನ್ನದ ತುದಿಯ ನೂರು ಮೊಳದ ಕೇಬಲ್ ಬಿಚ್ಚಿದ. ಪರದೆಯ ತುಂಬ ಮಂಜು. ಬೆಳಗಾದರೆ ತಲೆ ತೆಗೆಯುವುದೆಂದು ಅವನನ್ನು ಸೆರೆಗೆ ತಳ್ಳಿದರು.

ಮೂಡಣದ ರಾಜಕುಮಾರ ಗಿಡ್ಡ ಕೇಬಲ್ ಸಿಕ್ಕಿಸಿದ. ಚಿತ್ರ ನಿಚ್ಚಳವಾಗಿ ಮೂಡಿತು.

"ಕಾಣುತ್ತೇನೆ, ಕರೆದರೆ ಓಗೊಡೆ. ನನ್ನ ಜೊತೆ ಯಾರು ಬರಬೇಕಿತ್ತು?" ಎಂದು ಅರಸ ಎರಡನೆಯ ಒಗಟು ಕೇಳಿದ.

"ಇನ್ಯಾರು ಬೇಕು? ಚಿತ್ರ ಬಂತಲ್ಲ!" ಎಂದು ಅವನು ಕೀಲಿ ಒತ್ತಿದ. ಒಂದಕ್ಷರವೂ ಮೂಡಲಿಲ್ಲ. ಅವನೂ ಸೆರೆಗೆ ಹೋದ.

ಯಂತ್ರಗಳ ಧೂಳು ಒರೆಸುವ ಲಕ್ಕ ಮೂಲೆಯಲ್ಲಿದ್ದ. ರಾಣಿ ಅಷ್ಟು ಸುಸ್ತಿನಲ್ಲೂ ದಿನಾ ಅವನನ್ನು "ಉಂಡೆಯಾ ಮಗಾ?" ಎಂದು ಕೇಳುತ್ತಿದ್ದಳು. ಇವತ್ತು ಕೇಳಲೂ ಅವಳಿಗೆ ತ್ರಾಣವಿರಲಿಲ್ಲ. ಲಕ್ಕ ಒರೆಸುವ ಬಟ್ಟೆ ಕೆಳಗಿಟ್ಟು ಅರಸನ ಮುಂದೆ ಬಂದ.

"ದೊರೆ, ನಾನು ಹೇಳಲೇ?"

"ತಲೆ ಭಾರವಾಯಿತೇನೋ?"

"ಅಮ್ಮನ ಮುಖ ನೋಡಲಾಗುತ್ತಿಲ್ಲ, ಬುದ್ಧಿ."

ಅರಸ ದನಿ ತಗ್ಗಿಸಿ ಮೂರನೆಯದನ್ನೂ ಹೇಳಿದ: "ನನಗೆ ಎರಡು ಮುಖ, ಒಂದರಂತೆ ಒಂದಿಲ್ಲ. ಅದಕ್ಕೇ ಎರಡು ಮನೆಯಲ್ಲೂ ನನ್ನನ್ನು ಒಳಗೆ ಬಿಡುತ್ತಾರೆ."

ರಾಜಕುಮಾರರು ಪೆಟ್ಟಿಗೆಗಳನ್ನು ಮುಂದಿನಿಂದಷ್ಟೇ ನೋಡಿದ್ದರು. ಲಕ್ಕ ದಿನಾ ಒರೆಸುವಂತೆ ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತ.

"ದೂರ ಹೋಗುವ ಕೆಲಸ ಈ ಜೋಡಿಯದು ದೊರೆ, ಇಲ್ಲಿಗೆ ಗಿಡ್ಡದೇ ಸಾಕು. ಆದರೆ ಚಿತ್ರ ಹೊರುವವನು ಬೆರಳಿನ ಮಾತು ಹೊರಲಾರ. ಅದಕ್ಕೆ ಯುಎಸ್‌ಬಿ ಕೇಬಲ್ ಜೊತೆಗೆ ಬರಬೇಕು. ಸ್ವಿಚ್ಚಿನ ಬೆನ್ನಲ್ಲಿ ಚಪ್ಪಟೆ ಕಿಂಡಿ, ಪಕ್ಕದ ಪೆಟ್ಟಿಗೆಯ ಬೆನ್ನಲ್ಲಿ ಚೌಕ. ಒಂದು ತುದಿ ಚಪ್ಪಟೆ, ಒಂದು ತುದಿ ಚೌಕ ಇರುವವನೇ ಆ ಎರಡು ಮುಖದವನು."

ಸಿಕ್ಕಿಸಿದರು. ಅರಸ ಕೀಲಿಮಣೆಯಲ್ಲಿ ರಾಣಿಯ ಹೆಸರು ಒತ್ತಿದ. ಅದು ಪರದೆಯ ಮೇಲೆ ಮೂಡಿತು.

"ಏನು ಬೇಕು, ಕೇಳು!"

"ಆ ಇಬ್ಬರನ್ನು ಬಿಟ್ಟುಬಿಡಿ. ಅಮ್ಮನ ನಿದ್ದೆಗೆ ಯಾರ ರಕ್ತವೂ ಬೇಡ."

ರಾಜಕುಮಾರರು ಊರು ಸೇರಿದರು. ಅರಸ ಏಳು ಯಂತ್ರಗಳ ಉಸ್ತುವಾರಿಯನ್ನು ಲಕ್ಕನಿಗೆ ಕೊಟ್ಟ. ಯಂತ್ರಗಳು ಕೆಳಗಿಳಿದ ಸಂಜೆ ರಾಣಿ ಗಂಡನ ತೋಳಿಗೆ ಒರಗಿದವಳು ಹಾಗೇ ನಿದ್ದೆಹೋದಳು. ಅವನು ಒಂದೇ ಕೈಯಲ್ಲಿ ತೂಬು ಮುಚ್ಚಿದ.

ಒಟ್ಟು ತಗುಲಿದ್ದು: ಗಿಡ್ಡ ಕೇಬಲ್ ಎರಡು, ಉದ್ದನೆಯ ತಂತಿ ಒಂದು, ಮತ್ತು ತಂತಿಗಾಗಿ ಗೋಡೆ ಕೊರೆದಾಗ ಹೋದ, ಅಲ್ಲಿ ಬರೆದಿದ್ದ ನವಿಲಿನ ಒಂದು ಕಣ್ಣು.