ಅಮ್ಮ ಕಾಣೋ ಬಾಗಿಲು

ಕಣ್ಣು ಮುಚ್ಕೋ ಲೂರ್ದು. ಕಂಬಳಿಯೆಲ್ಲ ನೀನೇ ಎಳ್ಕೊಂಡ್ರೆ ಈ ಮುದುಕಿ ಏನು ಹೊದ್ಕೋಬೇಕು? ಹ್ಞೂಂ ಅಂತಿರ್ಬೇಕು, ಅನ್ನದಿದ್ರೆ ಅಲ್ಲಿಗೇ ನಿಲ್ಲಿಸ್ಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ನಿಮ್ಮಪ್ಪನ ಮುತ್ತಾತ ಇನ್ನೂ ತೊಟ್ಟಿಲಲ್ಲಿದ್ದ ಅಂತ ಇಟ್ಕೋ, ನಮ್ಮೂರಲ್ಲಿ ಆರೋಗ್ಯಮ್ಮ ಅಂತ ಒಬ್ಬಳು ಇದ್ಳಂತೆ. ಹೆಸರು ಆರೋಗ್ಯಮ್ಮ, ಆರೋಗ್ಯ ಮಾತ್ರ ಇರ್ಲಿಲ್ಲ ಪಾಪ. ಬಾವಿಕಟ್ಟೆ ಹತ್ರ ಜಾರಿ ಬಿದ್ದು ಸೊಂಟ ಹೋಗಿ, ಜಗಲಿ ಮೇಲಿನ ಮಂಚಾನೇ ಅವಳ ಪ್ರಪಂಚ ಆಗೋಗಿತ್ತಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ದೊಡ್ಡೋನು ಅರುಳಪ್ಪ, ನಡುವಿನೋನು ಚೌರಪ್ಪ, ಚಿಕ್ಕೋನು ಇನ್ನಾಸಿ. ಮೂವರೂ ಗಾರೆ ಕೆಲಸದೋರು.

ಆಗ ನಮ್ಮೂರಲ್ಲಿ ಚರ್ಚ್ ಎಲ್ಲಿತ್ತು? ಪೂಜೆಗೆ ಹಳ್ಳ ದಾಟಿ ಪಕ್ಕದೂರಿಗೆ ಹೋಗ್ಬೇಕಿತ್ತು. ಮಕ್ಕಳು ಒಂದ್ಸಲ ತಾಯಿನ ಮಂಚದ ಸಮೇತ ಹೊತ್ಕೊಂಡು ಹೊರಟ್ರಂತೆ, ಅಂಗಳ ದಾಟೋದ್ರೊಳಗೆ ನೋವಿಗೆ ಅವಳಿಗೆ ಪ್ರಜ್ಞೆನೇ ತಪ್ಪೋಯ್ತಂತೆ. ಆಮೇಲೆ ಆ ಸಾಹಸ ಬಿಟ್ರು. ಅಲ್ಲಿನ ಪಾದ್ರಿ ಸ್ವಾಮಿಯೋರು ಆಗಾಗ ಬಂದು ಸತ್ಪ್ರಸಾದ ಕೊಟ್ಟು ಹೋಗೋರು, ಸರಿ. ಆದ್ರೆ ಅವಳಿಗೆ ಒಂದೇ ಕೊರಗು, ಸಾಯೋದ್ರೊಳಗೆ ಒಂದು ಪೂಜೆ ಕಣ್ತುಂಬ ನೋಡ್ಬೇಕು ಅಂತ.

ಆಮೇಲೆ ಏನಾಯ್ತು, ಆ ಸ್ವಾಮಿಯೋರು ನಮ್ಮೂರಲ್ಲೂ ಒಂದು ಚರ್ಚ್ ಕಟ್ಟೋಣ ಅಂದ್ರಂತೆ. ಅವರು ಸಮುದ್ರದಾಚೆಯೋರು, ಎದೆ ತನಕ ಗಡ್ಡ, ಮೂಗಿನ ತುದೀಲೇ ಕೋಪ. ಕನ್ನಡ ಕಲ್ತಿದ್ರು, ಆದ್ರೆ ಅಳೆದು ಸುರಿದು ನಾಲ್ಕು ಮಾತಾಡೋರು ಅಷ್ಟೆ. ಆರೋಗ್ಯಮ್ಮನ ಮನೆ ಮಗ್ಗುಲ ಬಯಲಲ್ಲಿ ಕೋಲಿಂದ ಗೆರೆ ಎಳೆದು ತೋರಿಸಿದ್ರಂತೆ, ಉದ್ದಕ್ಕೆ ಹೀಗೆ ಬರ್ಬೇಕು, ಮೂಡಲ ತುದೀಲಿ ಪೂಜೆ ಪೀಠ, ಗೋಡೆ ಎರಡು ಮೊಳ ದಪ್ಪ, ಮೇಲೆ ನಾಡಹೆಂಚು ಅಂತ. ಬಾಗಿಲು ಎಲ್ಲಿ ಸ್ವಾಮಿ ಅಂತ ಇನ್ನಾಸಿ ಕೇಳೋ ಹೊತ್ತಿಗೆ ಅವರಾಗ್ಲೇ ಕುದುರೆ ಹತ್ತಿದ್ರು. ಬಾಗಿಲು ತೆಗೆದ್ರೆ ಅಮ್ಮ ಕಾಣ್ಬೇಕು ಅಂದೋರೇ ಹೊರಟೇಹೋದ್ರಂತೆ. ಅವರು ಹೇಳಿದ್ದು ದೇವಮಾತೆನ ಕಣೇ, ಪೀಠದ ಮೇಲೆ ಕೂರೋ ಅಮ್ಮನ್ನ. ಈ ಹುಡುಗರಿಗೆ ಅಮ್ಮ ಅಂದ್ರೆ ಇನ್ಯಾರು?

ಸರಿ, ಕೆಲಸ ಶುರುವಾಯ್ತು. ಮೊದ್ಲು ದೊಡ್ಡೋನು ಗೋಡೆ ಎತ್ತಿದ. ಬರೀ ಮಣ್ಣಿನ ಗೋಡೆ, ಒಂದೇ ಮಳೆಗೆ ಕರಗಿ ಕೂತ್ಬಿಡ್ತಂತೆ. ಆಮೇಲೆ ಕಲ್ಲಿನ ತಳಪಾಯ ಹಾಕಿ, ಬೆಲ್ಲದ ನೀರು ಬೆರೆಸಿ ಸುಣ್ಣದ ಗಾರೆ ಅರೆದು ಮತ್ತೆ ಎತ್ತಿದ. ಬೆಲ್ಲ ಅಂದ ತಕ್ಷಣ ಕಣ್ಣು ಬಿಟ್ಯಲ್ಲ, ಮುಚ್ಚು. ಆಮೇಲೆ ನಡುವಿನೋನು ಕಮಾನು ಕಟ್ಟಿದ. ಅವನಿಗೆ ಎಲ್ಲದಕ್ಕೂ ಆತುರ, ಗಾರೆ ಒಣಗೋಕ್ಮುಂಚೇನೇ ಕೆಳಗಿದ್ದ ಮರದ ಆಸರೆ ಕಿತ್ತ, ಕಮಾನು ದಬಾರ್ ಅಂತ ಬಿತ್ತಂತೆ. ಸದ್ಯ, ಯಾರ ತಲೆ ಮೇಲೂ ಬೀಳ್ಲಿಲ್ಲ. ಅವನೂ ಮತ್ತೆ ಕಟ್ಟಿದ. ಆಮೇಲೆ ಚಿಕ್ಕೋನು ಬಾಗಿಲು ಇಟ್ಟ. ಎಲ್ಲಿ? ದಾರಿ ಕಡೆ ಅಲ್ಲ ಕಣೇ. ಪೀಠದ ಪಕ್ಕದ ಗೋಡೇಲಿ, ಅವರ ಮನೆ ಜಗಲಿಗೆ ನೇರವಾಗಿ, ಅಷ್ಟು ದೊಡ್ಡ ಜೋಡಿ ಬಾಗಿಲು. ಅಮ್ಮಾ ಪೀಠ ಕಾಣುತ್ತಾ ಅಂತ ಅವನು ಅಲ್ಲಿಂದ ಕೂಗೋನಂತೆ, ಕಾಣುತ್ತೆ ಮಗ ಅಂತ ಇವಳು ಇಲ್ಲಿಂದ.

ಹೆಂಚು ಹೊದಿಸಿದ್ದೂ ಆಯ್ತು. ಸ್ವಾಮಿಯೋರು ದೇವಮಾತೆ ಸ್ವರೂಪಾನ, ಅಂದ್ರೆ ವಿಗ್ರಹಾನ, ಹುಲ್ಲಲ್ಲಿ ಸುತ್ತಿ ಗಾಡೀಲಿ ಇಟ್ಕೊಂಡು ಬಂದ್ರಂತೆ. ದಾರಿ ಕಡೆ ನೋಡಿದ್ರೆ ಬೋಳು ಗೋಡೆ. ಸುತ್ತು ಹಾಕಿದ್ರು, ಬಾಗಿಲು ಸಿಕ್ತು, ಮುಖ ಕೆಂಪಗಾಯ್ತು. ಇಲ್ಲಿ ಇಡೋಕೆ ಯಾರು ಹೇಳಿದ್ದು ಅಂತ ಎಗರಾಡಿದ್ರಂತೆ. ಬಾಗಿಲು ತೆಗೆದ್ರೆ ಅಮ್ಮ ಕಾಣ್ಬೇಕು ಅಂತ ನೀವೇ ಅಂದ್ರಲ್ಲ ಸ್ವಾಮಿ ಅಂತ ಇನ್ನಾಸಿ ಬಾಗಿಲು ತೆಗೆದು ಜಗಲಿ ಮೇಲಿದ್ದ ತಾಯಿನ ತೋರಿಸಿದ್ನಂತೆ. ಸ್ವಾಮಿಯೋರು, ಇದು ಆಗಲ್ಲ, ಇದನ್ನ ಮುಚ್ಚಿ ದಾರಿ ಕಡೆ ಒಡೀರಿ ಅಂದೇಬಿಟ್ರು. ಅರುಳಪ್ಪ ಹಾರೆ ತರೋಕೆ ಹೋದ್ನಂತೆ, ಇನ್ನೇನು ಮಾಡ್ತಾನೆ, ಸ್ವಾಮಿಯೋರ ಮಾತು ಮೀರೋದುಂಟಾ?

ಜಗಲಿ ಮೇಲೆ ಮಲಗಿದ್ದೋಳಿಗೆ ಎಲ್ಲಾ ಕೇಳಿಸ್ತಿತ್ತು. ಅವಳು ಅಳ್ಲಿಲ್ಲ, ಜಗಳಾನೂ ಆಡ್ಲಿಲ್ಲ.

“ಮುಚ್ಚಿಸಿ ಸ್ವಾಮಿ. ನನ್ನೊಬ್ಳಿಗೋಸ್ಕರ ಊರಿನೋರೆಲ್ಲ ಸುತ್ತಿ ಬಳಸಿ ಬರೋದು ಬೇಡ. ಮುಚ್ಚೋಕ್ಮುಂಚೆ ಒಂದೇ ಒಂದು ಪೂಜೆ ಮಾಡ್ಬಿಡಿ,” ಅಂದ್ಳಂತೆ.

ಆಯ್ತು ಅಂತ ಸ್ವಾಮಿಯೋರು ಪೂಜೆಗೆ ನಿಂತ್ರಂತೆ. ಆ ಕಾಲದಲ್ಲಿ ಅವರು ಪೀಠಕ್ಕೆ ಮುಖ ಮಾಡಿ, ಜನಕ್ಕೆ ಬೆನ್ನು ಮಾಡಿ ನಿಲ್ಲೋರು. ಆಗಾಗ ಮಾತ್ರ ಜನರ ಕಡೆ ತಿರುಗಿ ಕೈ ಚಾಚಿ, ದೇವರು ನಿಮ್ಮ ಜೊತೆ ಇರಲಿ ಅನ್ನೋರು. ಮೊದಲನೇ ಸಲ ಜನರ ಕಡೆ ತಿರುಗಿದ್ರು. ಎರಡನೇ ಸಲ ತಿರುಗೋವಾಗ ಕಣ್ಣು ಬಾಗಿಲಾಚೆ ಹೋಯ್ತಂತೆ. ಆ ಮುದುಕಿ, ಮಗ್ಗುಲು ಬದಲಾಯಿಸೋಕೂ ಆಗದೋಳು, ಮಂಚದ ಅಂಚು ಹಿಡ್ಕೊಂಡು ತಲೆ ಎತ್ತಿ, ಕಣ್ಣೀರು ಸುರಿಸ್ತಾ, ನಗ್ತಾ ನೋಡ್ತಿದ್ಳಂತೆ. ಮೂರನೇ ಸಲ ಸ್ವಾಮಿಯೋರು ಜನರ ಕಡೆ ತಿರುಗ್ಲೇ ಇಲ್ಲ. ಬಾಗಿಲ ಕಡೆ ತಿರುಗಿ, ಅವಳೊಬ್ಳಿಗೇ ಕೈ ಚಾಚಿದ್ರಂತೆ.

ಪೂಜೆ ಮುಗೀತು. ಎಲ್ಲಿಂದ ಶುರು ಮಾಡ್ಲಿ ಸ್ವಾಮಿ ಅಂತ ಅರುಳಪ್ಪ ಹಾರೆ ಹಿಡ್ಕೊಂಡು ಬಂದ್ನಂತೆ. ಸ್ವಾಮಿಯೋರು ಹಾರೆ ಇಸ್ಕೊಂಡು ಆಚೆ ಇಟ್ಟು, ಗಾಡೀಲಿರೋ ಸ್ವರೂಪ ಇಳಿಸ್ರಪ್ಪ ಅಂದ್ರಂತೆ. ಪೀಠದ ಮೇಲೆ ಇಡೋಣ್ವಾ ಅಂತ ಇವರು ಕೇಳಿದ್ರೆ, ಬೇಡ ಅಂತ ಬಾಗಿಲ ಎದುರಿನ ಗೋಡೆ ತೋರಿಸಿ, ಅಲ್ಲೊಂದು ಗೂಡು ಮಾಡಿ ಅಂದ್ರಂತೆ.

“ಅಮ್ಮನ್ನ ಅಮ್ಮನ ಎದುರಿಗೇ ಕೂರಿಸ್ರಪ್ಪ. ಒಬ್ಬರಿಗೊಬ್ಬರು ಜೊತೆಯಾಗಿರ್ಲಿ.”

ಆಮೇಲೆ ಊರಿನೋರಿಗೆ ಅಂತ ದಾರಿ ಕಡೆ ಸಣ್ಣದೊಂದು ಬಾಗಿಲು ಮಾಡಿದ್ರಂತೆ. ಆರೋಗ್ಯಮ್ಮ ಎಷ್ಟೋ ವರ್ಷ ಬದುಕಿ, ಮಲಗಿದ್ದಲ್ಲಿಂದಾನೇ ಪೂಜೆ ನೋಡ್ಕೊಂಡು, ಸೊಸೇರ ಮೇಲಿನ ದೂರೆಲ್ಲ ದೇವಮಾತೆಗೆ ಗಟ್ಟಿಯಾಗೇ ಹೇಳ್ಕೊಂಡು ಸುಖವಾಗಿದ್ಳಂತೆ.

ಅವಳು ಹೋದ್ಮೇಲೆ? ಕೇಳ್ತೀಯ ಅಂತ ಗೊತ್ತಿತ್ತು ನನಗೆ. ಅವಳು ಹೋದ್ಮೇಲೂ ಮಕ್ಕಳು ಆ ಮಂಚ ಎತ್ತಲಿಲ್ಲ. ಊರಲ್ಲಿ ಯಾರು ಹುಷಾರು ತಪ್ಪಿದ್ರೂ ಅಲ್ಲಿ ತಂದು ಮಲಗಿಸೋರಂತೆ. ಅಂತೆ ಏನು ಬಂತು, ಇವತ್ತಿಗೂ ಮಲಗಿಸ್ತಾರೆ. ನೀನು ಕೈಗೂಸಾಗಿದ್ದಾಗ ಜ್ವರ ಬಂದು ಹಾಲು ಬಿಟ್ಬಿಟ್ಟಿದ್ದೆ, ಕಣ್ಣೂ ಬಿಡ್ತಿರ್ಲಿಲ್ಲ. ನಿನ್ನನ್ನ ಎತ್ಕೊಂಡು ಹೋಗಿ ಆ ಮಂಚದ ಮೇಲೆ ಮಡಿಲಲ್ಲಿ ಹಾಕ್ಕೊಂಡು ಕೂತಿದ್ದೋಳು ನಾನೇ. ಬಾಗಿಲು ತೆಗೆದಿತ್ತು, ಗೂಡಲ್ಲಿರೋ ಅಮ್ಮ ನಿನ್ನನ್ನೇ ನೋಡ್ತಿದ್ಳು. ಬೆಳಗಾಗೋ ಹೊತ್ತಿಗೆ ನೀನು ಹಾಲು ಬೇಕು ಅಂತ ಅತ್ತೆ. ನಾನೂ ಅತ್ತೆ.

ಅಷ್ಟೇ ಕಣೇ ಕತೆ, ಮುಗೀತು. ಶಿಲುಬೆ ಗುರುತು ಹಾಕ್ಕೊಂಡು ಮಲಗು.