ಕಹಿಗಡ್ಡೆಯ ಸೋರೆಬುರುಡೆಗಳು

ಕೃಷ್ಣೆ ಎರಡು ಸೀಳಾಗಿ ಹರಿದು ಮತ್ತೆ ಒಂದಾಗುವ ಎಡೆಯಲ್ಲಿ ನಮ್ಮ ನಡುಗಡ್ಡೆ ಇದೆ. ಇದರ ಹೆಸರು ಕಹಿಗಡ್ಡೆ. ಬೇಸಗೆಯಲ್ಲಿ ಬಂದವರು ಈ ಹೆಸರು ಕೇಳಿ ನಗುತ್ತಾರೆ. ನಗುವುದೂ ಸರಿಯೇ, ಏಕೆಂದರೆ ಇಲ್ಲಿ ಕಹಿಯಾದದ್ದು ಏನೂ ಅವರ ನಾಲಿಗೆಗೆ ತಾಗುವುದಿಲ್ಲ. ಮರಳಿನ ಮೇಲೆ ಬೆಳೆದ ನಮ್ಮ ಕಲ್ಲಂಗಡಿಗೆ ಆಚೆ ದಡದ ಸಂತೆಯಲ್ಲಿ ಬೇರೆ ಮರ್ಯಾದೆ ಉಂಟು. ಬಾವಿಯ ನೀರು ಎಳನೀರಿಗೆ ಸಮ. ಹಿಂದೊಬ್ಬ ಸಾಹೇಬರು ಊರಿನ ಫಲಕ ನೆಡಿಸಲು ಬಂದಾಗ, "ಸಿಹಿಗಡ್ಡೆ ಅಂತ ಬರೆಸೋಣ, ಕೇಳೋಕೆ ಚೆನ್ನಾಗಿರುತ್ತೆ" ಎಂದರಂತೆ. ನಮ್ಮ ಹಿರಿಯರು ಅವರಿಗೆ ಹಣ್ಣು ಕೊಯ್ದು ಕೊಟ್ಟರು, ಚಹಾ ಕುಡಿಸಿದರು, ಹೆಸರನ್ನು ಮಾತ್ರ ಕೊಡಲಿಲ್ಲ. ದೋಣಿ ಇಳಿದ ಕೂಡಲೇ ಎದುರಿಗೆ ಕಾಣುವುದು ಒಂದು ಹಳೆಯ ಬೇವಿನ ಮರ. ಅದರ ಕೊಂಬೆಗಳ ತುಂಬ ಒಣಗಿದ ಸೋರೆಬುರುಡೆಗಳು ಜೋಡಿಜೋಡಿಯಾಗಿ ತೂಗುತ್ತಿರುತ್ತವೆ. ಗಾಳಿ ಬೀಸಿದಾಗ ಒಳಗಿನ ಬೀಜ ಗಲಗಲ ಎನ್ನುತ್ತದೆ. ಕೆಲವರು ಅದನ್ನು ಹರಕೆ ಎಂದುಕೊಳ್ಳುತ್ತಾರೆ, ಕೆಲವರು ದೃಷ್ಟಿಗೆ ಕಟ್ಟಿದ್ದು ಎನ್ನುತ್ತಾರೆ. ಮನೆಯಲ್ಲಿ ಅಂದಕ್ಕೆ ತೂಗುಹಾಕಲು ಬೇಕೆಂದು ಬೆಲೆ ಕೇಳಿದವರೂ ಇದ್ದಾರೆ. ಅಂಥವರಿಗೆ ನಾನು ಈ ಕಥೆ ಹೇಳಿ ಕಳಿಸುತ್ತೇನೆ. ನಾನು ಇಲ್ಲಿ ಹುಟ್ಟಿದವಳಲ್ಲ, ಸೊಸೆಯಾಗಿ ಬಂದವಳು. ನನ್ನ ಅತ್ತೆ ತನ್ನ ಅತ್ತೆಯ ಬಾಯಿಂದ ಕೇಳಿದ್ದನ್ನು ನನಗೆ ಹೇಳಿದಳು.

ಹಿಂದೆ ಒಮ್ಮೆ, ಈ ಊರಿನಲ್ಲಿ ಬೆರಳೆಣಿಕೆಯಷ್ಟು ಮನೆಗಳಿದ್ದ ಕಾಲದಲ್ಲಿ, ಇಡೀ ಗಡ್ಡೆಗೆ ಇದ್ದದ್ದು ಒಂದೇ ಹರಿಗೋಲು ಎನ್ನುತ್ತಾರೆ. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಹೊದಿಸಿದ ಎತ್ತಿನ ತೊಗಲು. ಮಳೆಗಾಲದ ಮೊದಲ ಕೆನ್ನೀರು ಬಂದ ದಿನ ಊರಿನ ಹೆಂಗಸರು ಹೊಳೆಗೆ ಬಾಗಿನ ಬಿಡುವರು. ಅಂದಿನಿಂದ ಗಂಗವ್ವ ಹೊರಗೆ ಕುಳಿತಳು ಎಂದು ಲೆಕ್ಕ. ನೀರು ತಿಳಿಯಾಗಿ ಅವಳು ಮೀಯುವವರೆಗೆ ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಹರಿಗೋಲಿನ ತೊಗಲು ಬಿಚ್ಚಿ, ಎಣ್ಣೆ ಸವರಿ, ಊರಗೌಡರ ಅಟ್ಟಕ್ಕೆ ಏರಿಸುವರು. ಒಣಗಿ ಸೆಟೆದ ಆ ತೊಗಲನ್ನು ಮತ್ತೆ ಮೆತ್ತಗೆ ಮಾಡಬೇಕಾದರೆ ಎಷ್ಟೋ ದಿನ ನೆನೆಹಾಕಬೇಕು. ಬಾಗಿಲು ಬೇಕಾದ ಹೊತ್ತಿಗೇ ಬಾಗಿಲನ್ನು ಕಿತ್ತು ಅಟ್ಟಕ್ಕೆ ಹಾಕುವ ಜಾಣತನ ಇದು ಎಂದು ನನಗೆ ಅನ್ನಿಸುತ್ತದೆ. ಆದರೆ ಅಂದಿನವರಿಗೆ ಹಾಗೆ ಅನ್ನಿಸಲಿಲ್ಲ. ನೀರು ಏರುತ್ತಿದ್ದಂತೆ ಗಡ್ಡೆ ಚಿಕ್ಕದಾಗುತ್ತಿತ್ತು, ದನಕರುಗಳು ಮನೆಯೊಳಗೆ ಬರುತ್ತಿದ್ದವು, ಉಪ್ಪು ತೀರುತ್ತಿತ್ತು. ಹಗಲೆಲ್ಲ ಹೊಳೆಯ ಸದ್ದು ಕೇಳಿ ಕೇಳಿ ಜನ ಮಾತನ್ನೇ ಕಡಿಮೆ ಮಾಡುತ್ತಿದ್ದರು. ಆಚೆ ದಡದ ಮರಗಳು, ಅವುಗಳ ಕೆಳಗೆ ಓಡಾಡುವ ಮಂದಿ ಕಣ್ಣಿಗೆ ಕಾಣುತ್ತಿದ್ದರು, ಕೂಗಿದರೆ ಕೇಳುತ್ತಿರಲಿಲ್ಲ.

ಇಂಥ ಊರಿಗೆ ಹುಲಿಗೆವ್ವ ಎಂಬ ಹುಡುಗಿ ಮದುವೆಯಾಗಿ ಬಂದಳು. ಅವಳ ತವರು ಎರೆಹೊಲದ ಸೀಮೆ. ಅಲ್ಲಿ ಹೊಳೆಯಿಲ್ಲ, ಕೆರೆಯೂ ದೂರ. ಮೊಣಕಾಲುದ್ದ ನೀರು ಕಂಡರೂ ಸೀರೆ ಎತ್ತಿ ಹಿಂದೆ ಸರಿಯುವ ಜನ. ಕಳಿಸುವಾಗ ಅವಳ ತಾಯಿ ಸೆರಗಿನ ತುದಿಯಲ್ಲಿ ಒಂದಿಷ್ಟು ಸೋರೆಬೀಜ ಗಂಟು ಕಟ್ಟಿದಳು. ಮಗಳ ಹಿತ್ತಲಿನಲ್ಲಿ ತನ್ನ ಬಳ್ಳಿ ಹಬ್ಬಲಿ ಎಂಬ ಆಸೆ, ಮತ್ತೇನಿಲ್ಲ. ಆ ವರ್ಷದ ಮಳೆಗಾಲದಲ್ಲೇ, ತೊಗಲು ಅಟ್ಟ ಸೇರಿದ ಮೇಲೆ, ಹುಲಿಗೆವ್ವನ ಅಣ್ಣ ಆಚೆ ದಡಕ್ಕೆ ಬಂದು ನಿಂತ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಗಾಳಿ ಇತ್ತು, ಹೊಳೆಯ ಸದ್ದು ಇತ್ತು. "ಅವ್ವ" ಎಂಬುದೊಂದು ಬಿಟ್ಟು ಮತ್ತೇನೂ ಈಚೆಗೆ ಮುಟ್ಟಲಿಲ್ಲ. ಕೊನೆಗೆ ಅವನು ತಲೆಯ ರುಮಾಲು ಬಿಚ್ಚಿ ನೆಲದ ಮೇಲಿಟ್ಟ. ಅವಳಿಗೆ ತಿಳಿಯಿತು. ಅಣ್ಣ ಅಲ್ಲಿ ಕುಳಿತು ಅತ್ತ, ತಂಗಿ ಇಲ್ಲಿ ಕುಳಿತು ಅತ್ತಳು. ಹೊತ್ತು ಇಳಿದ ಮೇಲೆ ಅವನು ರುಮಾಲು ಸುತ್ತಿಕೊಂಡು ಹೊರಟುಹೋದ. ತಾಯಿಯ ಮುಖ ನೋಡುವುದಿರಲಿ, ಮಣ್ಣಿಗೂ ಹೋಗಲಾಗದೆ ಉಳಿದ ಮಗಳ ಸಂಕಟ ಎಂಥದ್ದು ಎಂಬುದನ್ನು ನಾನು ಹೇಳಲಾರೆ. ಹೆಣ್ಣಾಗಿ ಹುಟ್ಟಿ ಗಡ್ಡೆಗೆ ಬಂದವರಿಗೆ ಅದು ಹೇಳದೆಯೇ ಗೊತ್ತು.

ತಾಯಿಯ ಬೀಜ ಬಳ್ಳಿಯಾಗಿ ಮಾಡು ಹತ್ತಿತು. ಬೈಗಿನ ಹೊತ್ತಿಗೆ ಬಿಳಿ ಹೂ ಅರಳಿದವು, ಕೊಡದಂಥ ಕಾಯಿ ಬಿಟ್ಟವು. ಕೊಯ್ದು ಬೇಯಿಸಿದರೆ ವಿಷದಂಥ ಕಹಿ. ಕಹಿಸೋರೆ ಹಿತ್ತಲಿನಲ್ಲಿ ಇರಬಾರದು, ಕಿತ್ತೊಗೆಯಬೇಕು ಎಂಬುದು ಎಲ್ಲರ ಮಾತು. ಹುಲಿಗೆವ್ವ ಕೀಳಲಿಲ್ಲ. ಮರುವರ್ಷ ಮತ್ತೆ ಅದೇ ಬೀಜ ಊರಿದಳು. ಕಾಯಿ ಬಳ್ಳಿಯಲ್ಲೇ ಬಲಿಯಲು ಬಿಡುವಳು, ತೊಟ್ಟು ಒಣಗಿದ ಮೇಲೆ ಇಳಿಸುವಳು, ಒಲೆಯ ಹೊಗೆ ತಾಗುವಂತೆ ಜಂತೆಗೆ ಕಟ್ಟುವಳು. ಬೆರಳಿನಿಂದ ತಟ್ಟಿ ಸದ್ದು ಕೇಳಿ ಇದು ಪಕ್ಕಾ, ಇದು ಕಚ್ಚಾ ಎಂದು ಬೇರೆ ಮಾಡುವಳು. ಅವಳ ಗಂಡ ಈರಪ್ಪ ಸಾಧು ಮನುಷ್ಯ. ತಲೆಗೆ ಬುರುಡೆ ಬಡಿದಾಗಲೆಲ್ಲ, "ನಮ್ಮನ್ಯಾಗ ನನಗಿಂತ ಇವಕ್ಕ ಜಾಗ ಹೆಚ್ಚು" ಎಂದು ಹಣೆ ಉಜ್ಜಿಕೊಳ್ಳುತ್ತಿದ್ದ. ಊರವರು ಅಷ್ಟು ಸಾಧುಗಳಲ್ಲ. ತಿನ್ನಲು ಬಾರದ್ದನ್ನು ಬೆಳೆಯುವವಳಿಗೆ ಹುಚ್ಚು ಎನ್ನದೆ ಏನೆನ್ನಬೇಕು ಎಂದು ಎದುರಿಗೇ ಆಡಿದರು.

ಒಂದು ಬೇಸಗೆ ಹೀಗೆ ಒಣಗಿಸಿದ ಬುರುಡೆಯೊಂದು ಉರುಳಿ, ಹೊಳೆ ಇಳಿದ ಮೇಲೆ ದಡದ ಬಳಿ ನಿಂತ ಮಡುವಿಗೆ ಬಿತ್ತು. ಎತ್ತಲು ಹೋದವಳು ಅದನ್ನು ಒತ್ತಿ ನೋಡಿದಳು. ಎಷ್ಟು ಒತ್ತಿದರೂ ಅದು ಪುಟಿದು ಮೇಲೆ ಬರುತ್ತಿತ್ತು. ಮರುದಿನ ಪುಂಡಿ ನಾರಿನ ಹಗ್ಗದಿಂದ ಬುರುಡೆಗಳ ಜೋಡಿಯೊಂದನ್ನು ಕಂಕುಳಿಗೆ ಕಟ್ಟಿಕೊಂಡು, ನೀರೆಂದರೆ ನಡುಗುವ ಹೆಂಗಸು, ತಾನೇ ಮಡುವಿಗೆ ಇಳಿದಳು. ಅಲ್ಲಿಯವರೆಗೆ ಈ ಸೀಮೆಯಲ್ಲಿ ಬುರುಡೆ ಕಟ್ಟಿ ಈಜುವುದು ಯಾರಿಗೂ ಗೊತ್ತಿರಲಿಲ್ಲ ಎನ್ನುತ್ತಾರೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ನಮ್ಮೂರಿನವರು ತಮ್ಮೂರಿನ ವಿಷಯಕ್ಕೆ ಸ್ವಲ್ಪ ಹೆಚ್ಚಿಗೆ ಹೇಳುವುದು ರೂಢಿ. ಬಟ್ಟೆ ಒಗೆಯುವ ಹೆಂಗಸರು ಅವಳನ್ನು ನೋಡಿ, "ಹುಲಿಗೆವ್ವ ಎಮ್ಮಿ ಆದ್ಳು" ಎಂದು ನಕ್ಕರು. ಅವಳು ಏಕೆ ಈಜುತ್ತಿದ್ದಳು ಎಂದು ಕೇಳಿದರೆ ಅವಳಿಗೂ ಉತ್ತರ ಗೊತ್ತಿರಲಿಕ್ಕಿಲ್ಲ. ದಾಟಿ ಹೋಗಿ ನೋಡಲು ತಾಯಿ ಉಳಿದಿರಲಿಲ್ಲ. ಆದರೂ ಬೇಸಗೆ ಬಂದರೆ ಸಾಕು, ದಿನವೂ ಮಡುವಿನ ಈ ಅಂಚಿನಿಂದ ಆ ಅಂಚಿಗೆ ಹೋಗಿ ಬರುವಳು.

ಗಡ್ಡೆಯ ಗೌಡ ಸೋಮನಗೌಡ. ಅವನ ಸೊಸೆ ನೀಲವ್ವ ಚೊಚ್ಚಲ ಬಸುರಿ. ಅವಳ ತವರು ಆಚೆ ದಡದಲ್ಲೇ ಇತ್ತು; ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಪದ್ಧತಿ. ಕಳಿಸಲು ಗೌಡ ಒಳ್ಳೆಯ ದಿನ ನೋಡಿದ. ಮೊದಲ ದಿನ ಬೆಕ್ಕು ಅಡ್ಡ ಬಂತು, ಎರಡನೆಯದು ಅಮಾವಾಸ್ಯೆಗೆ ಹತ್ತಿರವಾಯಿತು. ಹೀಗೆ ಮುಂದೆ ಮುಂದೆ ಹೋಗಿ ಎಲ್ಲವೂ ಕೂಡಿಬಂದ ದಿನ ಹೊಳೆಯೂ ಕೂಡಿಬಂತು. ಕೆನ್ನೀರು ಆ ವರ್ಷ ಬೇಗ ಬಂದಿತ್ತು. ತೊಗಲು ಅಟ್ಟಕ್ಕೆ ಹೋಯಿತು, ನೀಲವ್ವ ಕೋಣೆಯಲ್ಲಿ ಉಳಿದಳು. ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಊರಿನ ಮುದುಕಿಯರು ತಮಗೆ ತಿಳಿದದ್ದೆಲ್ಲ ಮಾಡಿ ಸೋತು ಹೊರಗೆ ಬಂದರು. "ಕೂಸು ಅಡ್ಡ ತಿರುಗೈತಿ. ಇದು ಹಂಪವ್ವನ ಕೈಗೇ ಬಗ್ಗೋದು" ಎಂದರು. ಹಂಪವ್ವ ಆ ಸುತ್ತಿಗೆಲ್ಲ ಹೆಸರಾದ ಸೂಲಗಿತ್ತಿ. ಅವಳ ಮನೆ ಆಚೆ ದಡದಲ್ಲಿತ್ತು. ಈಚೆ ನಿಂತರೆ ಅವಳ ಮನೆಯ ಹೊಗೆ ಕಾಣುತ್ತಿತ್ತು.

ಮರುದಿನ ನಡುಹಗಲಿನಲ್ಲಿ ಹುಲಿಗೆವ್ವ ಗೌಡರ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಒಳಗಿನಿಂದ ನೀಲವ್ವ, "ಯವ್ವಾ, ನಮ್ಮವ್ವನ ಕರೀರಿ" ಎಂದು ಅಳುತ್ತಿದ್ದಳು. ಆ ಮಾತು ಹುಲಿಗೆವ್ವನ ಎದೆಗೆ ಹೋಗಿ ಕುಳಿತಿತು. ಅವಳು ಮನೆಗೆ ಬಂದು ಜಂತೆಯ ಬುರುಡೆಗಳನ್ನು ತಟ್ಟಿ ನೋಡಿ ಗಟ್ಟಿಯಾದವನ್ನು ಆರಿಸಿ ಇಳಿಸಿದಳು.  ಈರಪ್ಪ ಅವಳ ಹಿಂದೆಯೇ ದಡಕ್ಕೆ ಬಂದು ಹಗ್ಗದ ಗಂಟುಗಳನ್ನು ತಾನೇ ಬಿಗಿದ.  ಸುದ್ದಿ ತಿಳಿದು ಸೋಮನಗೌಡ ಓಡಿಬಂದ. ಸೊಸೆ ಸಾಯುತ್ತಿದ್ದಾಳೆ ಎಂಬುದು ಅವನಿಗೂ ಗೊತ್ತು. ಆದರೂ ಅಜ್ಜನ ಕಾಲದ ಕಟ್ಟಳೆ ಅವನ ಬಾಯಲ್ಲಿ ಮಾತಾಡಿತು.

"ಹುಲಿಗೆವ್ವ, ಗಂಗವ್ವ ಹೊರಗ ಕುಂತಾಳ. ಮುಟ್ಟಿದರ ಊರಿಗೇ ಕೇಡು. ಇಳೀಬ್ಯಾಡ."

"ಗೌಡ್ರ, ಹೆಣ್ಣು ಹೊರಗ ಕುಂತಾಗ ಗಂಡಸರು ದೂರ ಇರಬೇಕು, ಖರೆ. ಇನ್ನೊಂದು ಹೆಣ್ಣು ಹೋಗಿ ಮಾತಾಡಿಸಬಾರದಂತ ಎಲ್ಲಿ ಐತ್ರಿ? ನಾನೂ ಹೆಣ್ಣು. ಆಕೀಗೆ ಹೇಳೇ ಹೋಗ್ತೀನಿ."

 ಅಲ್ಲೇ ನಿಂತಿದ್ದ ಅಂಬಿಗರ ಯಮನಪ್ಪ ಒಂದು ಹೆಜ್ಜೆ ಮುಂದೆ ಬಂದು, "ಯವ್ವಾ, ಗಡ್ಡಿಯ ಮೇಲಿನ ಮೂತಿಗೆ ಹೋಗಿ ಇಳಿ. ನೀರಿಗೆ ಎದುರು ಈಜಬ್ಯಾಡ. ಅದು ಒಯ್ದಲ್ಲಿ ಹೋಗು, ಕಾಲು ಮಾತ್ರ ಆ ದಂಡಿ ಕಡೀಗೆ ಬಡಿ" ಎಂದ. ಅಷ್ಟು ಹೇಳಿ ಗೌಡನ ಮುಖ ನೋಡದೆ ಪಕ್ಕಕ್ಕೆ ತಿರುಗಿದ.

ಮಡುವಿನ ನೀರು ಬೇರೆ, ಕೆನ್ನೀರು ಬೇರೆ. ಹೊಳೆ ಅವಳನ್ನು ಕಸದಂತೆ ಎತ್ತಿಕೊಂಡು ಹೋಯಿತು. ತಲೆ ಮುಳುಗುವುದು, ಬುರುಡೆಗಳು ಏಳುವುದು, ಮತ್ತೆ ತಲೆ ಕಾಣುವುದು. ದಡದ ಮೇಲೆ ಈರಪ್ಪ ಅವಳ ಜೊತೆಗೇ ಓಡಿದ. ಗಡ್ಡೆ ಮುಗಿದಲ್ಲಿ ಅವನ ಓಟವೂ ಮುಗಿಯಿತು. ಅಲ್ಲಿಂದ ಮುಂದೆ ಅವನಿಗೆ ಕಂಡದ್ದು ನೀರು ಮಾತ್ರ. ಎಷ್ಟೋ ಹೊತ್ತಿನ ಮೇಲೆ, ಬಹಳ ಕೆಳಗೆ, ಆಚೆ ದಡದ ಜಾಲಿಗಿಡಗಳ ನಡುವೆ ಏನೋ ಒಂದು ತೆವಳಿ ಮೇಲೆ ಹತ್ತಿತು. 

ಹಂಪವ್ವ ದಪ್ಪ ಹೆಂಗಸು, ವಯಸ್ಸೂ ಆಗಿತ್ತು. ನೀರು ಸುರಿಯುವ ಸೀರೆಯಲ್ಲಿ ಬಾಗಿಲಿಗೆ ಬಂದವಳನ್ನೂ ಬುರುಡೆಗಳನ್ನೂ ನೋಡಿ ಮೊದಲು ಬೈದಳು. ಆಮೇಲೆ ನೀಲವ್ವನ ಸ್ಥಿತಿ ಕೇಳಿದಳು. "ನಾ ಹ್ವಾದರ ನಾ ಸಾಯಬಹುದು, ಹೋಗದಿದ್ದರ ಆ ಹುಡುಗಿ ಖರೇನ ಸಾಯ್ತೈತಿ" ಎಂದು ಎದ್ದು, ಸೆರಗಿನಿಂದ ಕಣ್ಣು ಕಟ್ಟಿಕೊಂಡಳು. "ಹೊಳಿ ನೋಡಿದರ ನನ್ನ ಜೀವ ಇಲ್ಲೇ ಹೋಗ್ತೈತಿ. ನನ್ನ ಕಸುಬು ಕೈಯಾಗ ಐತಿ, ಕಣ್ಣಾಗ ಇಲ್ಲ. ಕಟ್ಟವ್ವ ನಿನ್ನ ಬುರುಡಿ." ಇಬ್ಬರೂ ದಡದುದ್ದಕ್ಕೆ ಮೇಲೆ ನಡೆದು, ಗಡ್ಡೆಗಿಂತ ಬಹಳ ಹಿಂದೆ ನೀರಿಗಿಳಿದರು. ಹುಲಿಗೆವ್ವ ಬುರುಡೆಗಳನ್ನು ಹಂಚಿಕೊಂಡು, ಹೆಚ್ಚಿನವನ್ನು ಮುದುಕಿಗೆ ಕಟ್ಟಿ, ಒಂದೇ ಹಗ್ಗದಲ್ಲಿ ಇಬ್ಬರನ್ನೂ ಬಿಗಿದಿದ್ದಳು. ದಾರಿಯುದ್ದಕ್ಕೂ ಹಂಪವ್ವ ಗಂಗವ್ವನನ್ನು ಬೇಡುತ್ತ, ನಡುನಡುವೆ ಹುಲಿಗೆವ್ವನ ವಂಶವನ್ನೆಲ್ಲ ಬಯ್ಯುತ್ತ ಬಂದಳಂತೆ. ಬೈಗಿನ ಸೋರೆಹೂ ಅರಳುವ ಹೊತ್ತಿಗೆ ಯಮನಪ್ಪ ಸೊಂಟಮಟ್ಟ ನೀರಿಗೆ ಇಳಿದು ಅವರನ್ನು ಎಳೆದುಕೊಂಡ. ಗಂಡಸು ಗಂಗವ್ವನನ್ನು ಮುಟ್ಟಿದ್ದನ್ನು ಊರೆಲ್ಲ ನೋಡಿತು, ಯಾರೂ ಏನೂ ಅನ್ನಲಿಲ್ಲ.

ದೀಪ ಹಚ್ಚಿದ ಮೇಲೆ ಗೌಡರ ಮನೆಯಿಂದ ಕೂಸಿನ ಅಳು ಕೇಳಿಸಿತು. ಹೆಣ್ಣು ಕೂಸು. ನೀಲವ್ವನೂ ಉಳಿದಳು. ಸೋಮನಗೌಡ ಹುಲಿಗೆವ್ವನನ್ನು ಕರೆಸಿ, ಏನು ಬೇಕು ಕೇಳು ಎಂದ. ಹೊಲ ಕೇಳುತ್ತಾಳೆ, ಬಂಗಾರ ಕೇಳುತ್ತಾಳೆ ಎಂದು ಜನ ಕಾದರು. "ಮನಿಗೊಂದು ಕಹಿಸೋರಿ ಬಳ್ಳಿ ಹಚ್ಚಸ್ರಿ" ಎಂದಳು ಅವಳು. "ಬ್ಯಾಸಗ್ಯಾಗ ಹೆಣ್ಮಕ್ಕಳನ್ನ ನನ್ನ ಕೂಡ ಮಡುವಿಗೆ ಕಳಸ್ರಿ. ನನ್ನ ಒಬ್ಬಾಕಿ ಕೈಲೆ ಎಷ್ಟು ಮಂದೀನ ದಾಟಿಸಾಕ ಆಗ್ತೈತಿ?"

ಗೌಡ ತಲೆ ಕೆರೆದುಕೊಂಡ. "ಹೆಣ್ಮಕ್ಕಳು ಹೊಳಿ ದಾಟಾಕ ಕಲಿತರ ಗಡ್ಡ್ಯಾಗ ಯಾರು ನಿಲ್ತಾರ, ಹುಲಿಗೆವ್ವ?"

"ಬಾಗಲ ತೆರದಿದ್ದ ಮನಿಯಿಂದ ಯಾರೂ ಓಡಿಹೋಗೂದಿಲ್ರಿ, ಗೌಡ್ರ."

ಮೊದಲ ಬೇಸಗೆ ನೀಲವ್ವ ಒಬ್ಬಳೇ ಬಂದಳು, ಕೂಸನ್ನು ದಡದಲ್ಲಿ ಮಲಗಿಸಿ. ಆಮೇಲೆ ನಕ್ಕವರೂ ಬಂದರು. ಹುಲಿಗೆವ್ವ ಕಾಯಿ ಆರಿಸುವುದು, ಒಣಗಿಸುವುದು, ಗಂಟು ಹಾಕುವುದು, ನೀರು ಒಯ್ದಲ್ಲಿ ಹೋಗುವುದು, ಎಲ್ಲವನ್ನೂ ಕಲಿಸಿದಳು. ತಾಯಿಯ ನೆನಪಿಗೆಂದು ಹಟ ಹಿಡಿದು ಉಳಿಸಿಕೊಂಡ ಬಳ್ಳಿ ಹೀಗೆ ಎಲ್ಲರ ಮಾಡು ಹತ್ತಿತು. ಆಚೆ ದಡದಿಂದ ನೋಡಿದವರು, ತಿನ್ನಲಾರದ ಕಾಯಿಯನ್ನು ಮನೆಮನೆಗೂ ಬೆಳೆಯುವ ಈ ಊರನ್ನು ಕಹಿಗಡ್ಡೆ ಎಂದು ಹಂಗಿಸಿದರು. ಆ ಹಂಗಿಸಿದ ಹೆಸರೇ ನಿಂತಿತು. ಅವಳು ಯಾವಾಗ ತೀರಿಕೊಂಡಳು, ಅವಳ ಮಣ್ಣು ಎಲ್ಲಿದೆ ಎಂಬುದು ಇಂದು ಯಾರಿಗೂ ತಿಳಿಯದು.

ಈಗ ನಮಗೆ ಕಬ್ಬಿಣದ ದೋಣಿ ಇದೆ. ಅದಕ್ಕೆ ಯಾವ ಕಟ್ಟಳೆಯೂ ಇಲ್ಲ, ಆದರೆ ಪ್ರವಾಹ ಜೋರಾದರೆ ಅದನ್ನೂ ಮೇಲಕ್ಕೆ ಎಳೆದು ಬಿಗಿಯುತ್ತಾರೆ. ನಾವು ಮತ್ತೆ ಒಳಗೇ ಉಳಿಯುತ್ತೇವೆ. ಮನೆಗೊಂದು ಕಹಿಸೋರೆಯ ಬಳ್ಳಿ ಇಂದಿಗೂ ಇದೆ, ಬೇವಿನ ಮರದಲ್ಲಿ ಬುರುಡೆಗಳೂ ಇವೆ. ದಾಟಬೇಕಾದವರು ಯಾರನ್ನೂ ಕೇಳಬೇಕಾಗಿಲ್ಲ, ಬಿಚ್ಚಿಕೊಂಡು ಹೋಗಬಹುದು. ತಂದು ಮತ್ತೆ ಕಟ್ಟಬೇಕು ಅಷ್ಟೇ. ಊರಿಗೆ ಹೊಸ ಸೊಸೆ ಬಂದರೆ ಉಡಿಯಲ್ಲಿ ಮೊದಲು ಇಡುವುದು ತೆಂಗಿನಕಾಯಿಯಲ್ಲ, ಒಣಬುರುಡೆ. ನನ್ನ ಉಡಿಗೂ ಇಟ್ಟರು. ಮಂಗಳಕಾರ್ಯದಲ್ಲಿ ಇದೆಂಥ ಅಪಮಾನ ಎಂದು ನನಗೆ ಅಳು ಬಂದಿತ್ತು. ಆಗ ಅತ್ತೆ ಕಿವಿಯಲ್ಲಿ, "ಅಳಬ್ಯಾಡ. ಈ ಊರಿಗೆ ಬಾಗಲ ಇಲ್ಲ. ಇದ ನಿನ್ನ ಬಾಗಲ" ಎಂದಳು. ದಡದ ಕಡೆಗೆ ಬಾಗಿದ ಕೊಂಬೆಯಲ್ಲಿ, ಕಪ್ಪಗೆ ಹೊಗೆ ಹಿಡಿದ ಜೋಡಿಯೊಂದು ನಿಮಗೆ ಕಾಣಬಹುದು. ಅದು ನನ್ನದು. ಮಳೆಗಾಲದಲ್ಲಿ ಬೆಳಗ್ಗೆ ಹೋಗಿ ಮುಟ್ಟಿ ನೋಡುವುದು ನನ್ನ ರೂಢಿ. ಮಳೆ ಬೀಳದ ದಿನವೂ ಅದರ ಹಗ್ಗ ಹಲವು ಸಲ ಹೊಳೆನೀರಿನಿಂದ ಒದ್ದೆಯಾಗಿದ್ದುಂಟು. ಯಾವ ಸಲವೂ ದಾಟಿದವಳು ನಾನಲ್ಲ.