ಟವೆಲ್ ಕೆಳಗಿನ ಗೋಧಿ ದರ

ನಮ್ಮ ಗೋಧಿ ಮುಂಬಯಿಯಿಂದ ಹಡಗು ಹತ್ತುತ್ತಿದ್ದ ಕಾಲ ನೋಡಿ, ದರ ಮಾತ್ರ ಟವೆಲ್ ಕೆಳಗೇ ಅಡಗಿರುತ್ತಿತ್ತು! ಖರೀದಿದಾರ ಅದರಡಿ ದಲಾಲನ ಒಂದು ಬೆರಳು ಹಿಡಿದರೆ ಚೀಲಕ್ಕೆ ಹತ್ತು ರೂಪಾಯಿ. ದಲಾಲ ಕಡಿಮೆ ಹೇಳಿ ಉಳಿದದ್ದನ್ನು ನುಂಗಿದರೂ ರೈತನಿಗೆ ತಿಳಿಯದು.

"ನನಗೂ ತೋರಸ್ರಿ" ಅಂದ ಒಬ್ಬ ರೈತ.

"ಪೇಟೆ ರಿವಾಜು ಮುರೀತಿಯೇನಲೇ? ದೂರ ನಿಲ್ಲು!" ಎಂದು ಗದರಿದ ದಲಾಲ ತೋಟಪ್ಪ.

"ಆತ್ರಿ ಸಾವ್ಕಾರ್ರ" ಎಂದವನೇ ರೈತ ಜೇಬಿನ ಪೊಟ್ಟಣ ಬಿಚ್ಚಿ ಖರೀದಿದಾರನ ಬಲಗೈ ತುಂಬ ಭಂಡಾರ ಸುರಿದ. ದೇವರ ಅರಿಶಿನ, ಬೇಡ ಎನ್ನಲಾದೀತೇ? ಆತ ಹಣೆಗೆ ಹಚ್ಚಿಕೊಂಡು ಅದೇ ಕೈಯನ್ನು ಟವೆಲ್ ಕೆಳಗೆ ತೂರಿಸಿದ.

"ಮೂವತ್ತು!" ಎಂದು ಸಾರುತ್ತ ತೋಟಪ್ಪ ಕೈ ಹೊರತೆಗೆದ. ನಾಲ್ಕು ಬೆರಳು ಹಳದಿ!

"ನಾಲ್ಕನೇದು ಸುಮ್ನ ತಾಗೇತಿ" ಎಂದು ತೊದಲಿದ.

"ದೇವರ ಭಂಡಾರ ಸುಮ್ನ ತಾಗಂಗಿಲ್ರಿ."

ಖರೀದಿದಾರ ಬಿದ್ದುಬಿದ್ದು ನಕ್ಕ. "ನಲವತ್ತೇ ಕೊಡ್ರಿ, ತೋಟಪ್ಪನವರ!"

ಮರುದಿನ ಪೇಟೆಗೆ ಬಂದ ರೈತರೆಲ್ಲರ ಕೈಯಲ್ಲೂ ಭಂಡಾರದ ಪೊಟ್ಟಣ!